ಕೈ ಸರಿಹೋಯಿತೆಂದು ಸುಮ್ಮನಿರಬೇಡಿ

ಮನೆಯ ಹಿರಿಯರ ಬಾಯಿ ಇದ್ದಕ್ಕಿದ್ದಂತೆ ಸೊಟ್ಟಗಾಗುತ್ತದೆ. ಮಾತು ತೊದಲುತ್ತದೆ, ಕೈ ಸೋಲುತ್ತದೆ. ಕೆಲವರಿಗೆ ಒಂದು ಕಣ್ಣಿಗೆ ಪರದೆ ಎಳೆದಂತೆ ಕತ್ತಲಾಗುತ್ತದೆ. ಹತ್ತು ನಿಮಿಷದಲ್ಲಿ ಎಲ್ಲವೂ ಸರಿ. "ನಿಶ್ಶಕ್ತಿ ಇರಬೇಕು" ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ನಿಜವಾದ ಅಪಾಯವಿರುವುದು ಈ ಸಮಾಧಾನದಲ್ಲೇ.

ಇದು ಲಕ್ವದ ಮುನ್ಸೂಚನೆ. ಮೆದುಳಿಗೆ ರಕ್ತ ಒಯ್ಯುವ ಕತ್ತಿನ ರಕ್ತನಾಳದಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾಗಿದ್ದರೆ, ಅಲ್ಲಿಂದ ಕಳಚಿದ ಹೆಪ್ಪಿನ ಚೂರು ಮೆದುಳಿಗೋ ಕಣ್ಣಿಗೋ ಹೋಗಿ ಸಿಕ್ಕಿಕೊಳ್ಳಬಹುದು. ಚೂರು ಕರಗಿದರೆ ಕೈ ಸರಿಹೋಗುತ್ತದೆ, ಆದರೆ ಕತ್ತಿನ ತೊಂದರೆ ಹಾಗೆಯೇ ಉಳಿಯುತ್ತದೆ. ದೊಡ್ಡ ಲಕ್ವ ಹೊಡೆಯುವ ಸಂಭವ ಮೊದಲ ಕೆಲವು ದಿನಗಳಲ್ಲೇ ಅತಿ ಹೆಚ್ಚು.

ತೀರಾ ಕಿರಿದಾದ ನಾಳವನ್ನು ತೆರೆದು ಕೊಬ್ಬನ್ನು ತೆಗೆಯುವ ಶಸ್ತ್ರಚಿಕಿತ್ಸೆ ಇದೆ. ಎಲ್ಲರಿಗೂ ಅದು ಬೇಕಾಗುವುದಿಲ್ಲ. ಬೇಕಾದವರಿಗೆ ಬೇಗ ಆಗಬೇಕು. 2004ರಲ್ಲಿ ಆಕ್ಸ್‌ಫರ್ಡ್‌ನ ಪೀಟರ್ ರಾತ್‌ವೆಲ್ ಮತ್ತು ಸಂಗಡಿಗರು ಕೊಟ್ಟ ಲೆಕ್ಕ ನೋಡಿ: ಅರ್ಧಕ್ಕಿಂತ ಹೆಚ್ಚು ಕಿರಿದಾದ ನಾಳವಿದ್ದವರಲ್ಲಿ, ಎರಡು ವಾರದೊಳಗೆ 5 ಮಂದಿಗೆ ಶಸ್ತ್ರಚಿಕಿತ್ಸೆ ಮಾಡಿದರೆ ಮುಂದಿನ ಐದು ವರ್ಷಗಳಲ್ಲಿ ಒಂದು ಲಕ್ವ ತಪ್ಪುತ್ತದೆ. 12 ವಾರ ಕಳೆದ ಮೇಲಾದರೆ, ಅದೇ ಒಂದನ್ನು ತಪ್ಪಿಸಲು 125 ಮಂದಿಗೆ ಮಾಡಬೇಕು. ಚಿಕಿತ್ಸೆ ಅದೇ, ಕಳೆದುಹೋದದ್ದು ಸಮಯ. 2008ರಲ್ಲಿ ಬ್ರಿಟನ್ನಿನ ಮಾರ್ಗಸೂಚಿ ಎರಡು ವಾರದ ಗಡುವು ಹಾಕಿತು.

ನಮ್ಮಲ್ಲಿ ವಿಳಂಬ ಮನೆಯಲ್ಲೇ ಶುರುವಾಗುತ್ತದೆ. ಗಲ್ಫಿನಲ್ಲಿರುವ ಮಗ ಬರಲಿ, ಮಗಳ ಮದುವೆ ಮುಗಿಯಲಿ, ಹಣ ಹೊಂದಲಿ ಎನ್ನುತ್ತೇವೆ. ಮಗನ ಅಭಿಪ್ರಾಯವನ್ನು ಫೋನಿನಲ್ಲೇ ಕೇಳಬಹುದು. ಸರಕಾರಿ ಆರೋಗ್ಯ ಕಾರ್ಡು ಇದ್ದರೆ ಮೊದಲ ದಿನವೇ ತೋರಿಸಿ ವಿಚಾರಿಸಿ. ಆಸ್ಪತ್ರೆಗಳಿಗೂ ಹೊಣೆಯಿದೆ: ಮೆದುಳಿನ ಸ್ಕ್ಯಾನ್ ಇಂದು, ಕತ್ತಿನ ಸ್ಕ್ಯಾನ್ ಮುಂದಿನ ತಿಂಗಳು ಎಂಬ ಪದ್ಧತಿ ನಿಲ್ಲಬೇಕು.

ಲಕ್ಷಣ ಇನ್ನೂ ಇದ್ದರೆ 108ಕ್ಕೆ ಕರೆ ಮಾಡಿ. ಹೋಗಿದ್ದರೂ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ನೀವಾಗಿ ಮಾತ್ರೆ ನುಂಗಿಸಬೇಡಿ. ಲಕ್ಷಣ ಕಂಡ ದಿನ, ಗಂಟೆ ಬರೆದಿಡಿ. ವೈದ್ಯರಿಗೆ ಎರಡು ಪ್ರಶ್ನೆ ಕೇಳಿ: "ಕತ್ತಿನ ಡಾಪ್ಲರ್ ಸ್ಕ್ಯಾನ್ ಇಂದೇ ಆಗುತ್ತದೆಯೇ? ಶಸ್ತ್ರಚಿಕಿತ್ಸೆ ಬೇಕಾದರೆ ಎರಡು ವಾರದೊಳಗೆ ಎಲ್ಲಿ ಆಗುತ್ತದೆ?" ಹೀಗೆ ಕೇಳುವುದು ಉದ್ಧಟತನವಲ್ಲ, ರೋಗಿಯ ಹಕ್ಕು.