ಬಲೆಯಾಚೆಗಿನ ದೂರ

ಶಹಾಪುರದ ಬೆಟ್ಟಸಾಲು ದೂರದಿಂದ ನೋಡುವವರಿಗೆ ಮಲಗಿದ ಬುದ್ಧನಂತೆ ಕಾಣುತ್ತದೆ. ಹಣೆ, ಮೂಗು, ಗದ್ದ, ಎದೆ ಎಲ್ಲವೂ ಸ್ಪಷ್ಟ. ಬಳಿಗೆ ಹೋದರೆ ಕಾಣುವುದು ಬಂಡೆಗಳ ರಾಶಿ. ಬಯಲುಸೀಮೆಯಲ್ಲಿ ಕಣ್ಣು ಮಾಡುವ ಮೋಸ ಇದೊಂದೇ ಅಲ್ಲ. ಅರ್ಧ ಹರದಾರಿ ಎಂದು ನಂಬಿ ಹೊರಟ ಗುಡ್ಡ ಒಂದು ಹರದಾರಿ ನಡೆದರೂ ಸಿಕ್ಕದಿರುವುದು ಅಲ್ಲಿಯವರಿಗೆ ಹೊಸದಲ್ಲ. ದೂರವನ್ನು ಅಳೆಯಲು ಕಣ್ಣೊಂದೇ ಸಾಲದು. ಈ ಮಾತು ಗಾಲ್ಫ್ ಆಟಕ್ಕೂ ಒಪ್ಪುತ್ತದೆ.

ಯಾದಗಿರಿ, ಶಹಾಪುರ, ಸುರಪುರಗಳಿಗೂ ಗಾಲ್ಫ್ ಆಟಕ್ಕೂ ಏನು ನಂಟು ಎಂದು ಓದುಗರು ಕೇಳಬಹುದು. ಈ ಊರುಗಳವರು ಗಾಲ್ಫ್ ಮೈದಾನವನ್ನು ನೋಡಬೇಕಾದರೆ ಸುಮಾರು 200 ಕಿ.ಮೀ. ಪ್ರಯಾಣ ಮಾಡಿ ಹೈದರಾಬಾದಿನ ಗೋಲ್ಕೊಂಡಕ್ಕೆ ಹೋಗಬೇಕು. ಇಲ್ಲವೆ ರಾತ್ರಿಯೆಲ್ಲ ರೈಲಿನಲ್ಲಿ ಕುಳಿತು ಬೆಂಗಳೂರನ್ನು ಸೇರಬೇಕು. ಆದರೆ ಮಕ್ಕಳು ಓದಿಗಾಗಿ ಅದೇ ನಗರಗಳಿಗೆ ಹೋಗುತ್ತಾರೆ. ಹೋದವರು ಪುಸ್ತಕಗಳ ಜೊತೆಗೆ ಹೊಸ ಹವ್ಯಾಸಗಳನ್ನೂ ಹೊತ್ತು ತರುತ್ತಾರೆ. ಅಂಥ ಒಂದು ಮನೆಯನ್ನು ಓದುಗರು ಕಲ್ಪಿಸಿಕೊಳ್ಳಬಹುದು. ಊರು ಸುರಪುರ. ತಂದೆ ಸಂಬಳದ ನೌಕರರು. ಮಗಳು ಬೆಂಗಳೂರಿನಲ್ಲಿ ಓದುತ್ತ ಗಾಲ್ಫ್ ಕಲಿತಿದ್ದಾಳೆ. ರಜೆಗೆ ಬಂದವಳು ಮಾಳಿಗೆಯ ಮೇಲೆ ಬಲೆ ಕಟ್ಟಿ ಬೆಳಗಿನ ತಂಪಿನಲ್ಲಿ ಚೆಂಡನ್ನು ಹೊಡೆಯುತ್ತಾಳೆ.

“ಅಪ್ಪಾ, ಚೆಂಡು ಎಷ್ಟು ದೂರ ಹೋಯ್ತಂತ ತಿಳಿಲಿಕ್ಕೊಂದು ಮಷೀನ್ ಅದ. ತಗೊಳ್ಳೋಣೇನು?”

“ಬಲಿಗೆ ಬಡಿದ ಮ್ಯಾಲ ಚೆಂಡು ಇನ್ನೆಲ್ಲಿಗೆ ಹೋಗ್ತದವ್ವಾ?”

ತಂದೆಯ ಮಾತಿಗೆ ಮನೆಯವರೆಲ್ಲ ನಗಬಹುದು. ಆದರೆ ಆ ನಗೆಮಾತಿನೊಳಗೆ ಈ ಯಂತ್ರದ ಗುಟ್ಟೆಲ್ಲವೂ ಅಡಗಿದೆ.

ಯಂತ್ರ ನೋಡುವುದೇನು?

ಲಾಂಚ್ ಮಾನಿಟರ್ ಎಂಬ ಈ ಉಪಕರಣ ಚೆಂಡು ಕೋಲಿನಿಂದ ಬಿಟ್ಟುಹೊರಡುವ ಗಳಿಗೆಯನ್ನು ಮಾತ್ರ ನೋಡುತ್ತದೆ. ಚೆಂಡಿನ ವೇಗವೆಷ್ಟು, ಎಷ್ಟು ಕೋನದಲ್ಲಿ ಏರಿತು, ಯಾವ ಕಡೆಗೆ ಹೊರಟಿತು, ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬುವು ಅದರ ಮುಖ್ಯ ಪ್ರಶ್ನೆಗಳು. ಉತ್ತರಗಳು ದೊರೆತ ಮೇಲೆ ಗಾಳಿಯ ತಡೆಯನ್ನು ಲೆಕ್ಕ ಹಾಕಿ, ಬಲೆ ಇಲ್ಲದಿದ್ದರೆ ಚೆಂಡು ಎಲ್ಲಿ ಬೀಳುತ್ತಿತ್ತು ಎಂದು ಹೇಳುತ್ತದೆ. ಬಲೆಯ ಈಚಿನದು ಅಳತೆ. ಬಲೆಯ ಆಚಿನದು ಗಣಿತ. ಕೊಳ್ಳುವವರು ಮೊದಲು ಮನದಟ್ಟು ಮಾಡಿಕೊಳ್ಳತಕ್ಕ ಭೇದವಿದು. ಪೆಟ್ಟಿಗೆಯ ಮೇಲೆ ಹದಿನೈದು ಬಗೆಯ ಅಂಕಿಗಳ ಹೆಸರುಗಳು ಮುದ್ರಿತವಾಗಿದ್ದರೆ ಹದಿನೈದನ್ನೂ ಯಂತ್ರ ಅಳೆದಿದೆ ಎಂದು ತಿಳಿಯಬಾರದು. ನಾಲ್ಕೈದನ್ನು ಅಳೆದು ಉಳಿದುವನ್ನು ಊಹಿಸಿರಲೂಬಹುದು.

ಅಳೆಯುವ ವಿಧಾನಗಳು ಎರಡು. ಮೊದಲನೆಯದು ರೇಡಾರ್. ಯಾದಗಿರಿಯ ನಿಲ್ದಾಣದಲ್ಲಿ ನಿಲ್ಲದೆ ಸಾಗುವ ರೈಲಿನ ಸಿಳ್ಳನ್ನು ಕೇಳಿದವರಿಗೆ ಇದರ ತತ್ತ್ವ ಗೊತ್ತೇ ಇದೆ. ಗಾಡಿ ಹತ್ತಿರ ಬರುವಾಗ ಸಿಳ್ಳಿನ ಸ್ವರ ಏರಿರುತ್ತದೆ. ದಾಟಿ ಹೋದೊಡನೆ ಇಳಿಯುತ್ತದೆ. 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಪ್ರತಿಪಾದಿಸಿದ ಈ ತತ್ತ್ವದಂತೆ, ಚೆಂಡಿಗೆ ತಾಗಿ ಮರಳುವ ರೇಡಿಯೋ ಅಲೆಯ ಬದಲಾವಣೆಯಿಂದ ಅದರ ವೇಗವನ್ನು ಕಂಡುಹಿಡಿಯಬಹುದು. ಎರಡನೆಯದು ಕ್ಯಾಮೆರಾ. ಹೊಡೆತವಾದ ಕ್ಷಣದಲ್ಲಿ ಒಂದರ ಹಿಂದೊಂದು ಚಿತ್ರ ತೆಗೆದು, ಚೆಂಡು ಎಷ್ಟು ಸರಿಯಿತು, ಎಷ್ಟು ತಿರುಗಿತು ಎಂಬುದನ್ನು ಹೋಲಿಸಿ ಲೆಕ್ಕ ಹಾಕುತ್ತದೆ.

ಮನೆಯ ಅಳತೆ ಮೊದಲು

ಯಂತ್ರದ ಬೆಲೆಯನ್ನು ವಿಚಾರಿಸುವ ಮೊದಲು ಮನೆಯನ್ನು ಅಳೆಯುವುದು ಲೇಸು. ಮನೆಬಳಕೆಯ ರೇಡಾರ್ ಯಂತ್ರಗಳಲ್ಲಿ ಹಲವನ್ನು ಚೆಂಡಿನ ಹಿಂದೆ ಆರರಿಂದ ಎಂಟು ಅಡಿ ದೂರದಲ್ಲಿ ಇಡಬೇಕಾಗುತ್ತದೆ. ಚೆಂಡಿನಿಂದ ಬಲೆಯವರೆಗೆ ಇನ್ನೂ ಎಂಟು ಅಡಿಯಾದರೂ ಬೇಕು. ಬಲೆ ಹಿಂದಕ್ಕೆ ಉಬ್ಬಲು ಎರಡು ಅಡಿ ಬಿಟ್ಟರೆ ಒಟ್ಟು ಹದಿನೆಂಟು ಅಡಿ ಉದ್ದವಾಯಿತು. ಹಳೆಯ ಮನೆಯ ಪಡಸಾಲೆಯಲ್ಲಿ ಇಷ್ಟು ಉದ್ದ ದೊರೆತರೂ ಎತ್ತರ ದೊರೆಯುವುದು ಕಷ್ಟ. ಉದ್ದನೆಯ ಕೋಲನ್ನು ತಲೆಯ ಮೇಲಕ್ಕೆ ಬೀಸುವಾಗ ತೊಲೆಗೋ ಪಂಖಕ್ಕೋ ತಾಗಿತೆಂದರೆ ಆಟವೂ ಕೆಟ್ಟಿತು, ಮನೆಯೂ ಕೆಟ್ಟಿತು. ಆದುದರಿಂದ ಈ ಸೀಮೆಯಲ್ಲಿ ಮಾಳಿಗೆ ಅಥವಾ ಹಿತ್ತಲೇ ತಕ್ಕ ಸ್ಥಳ. ಜಾಗ ಕಿರಿದಾದ ಮನೆಯವರು ಚೆಂಡಿನ ಪಕ್ಕದಲ್ಲಿಯೇ ಇಡುವ ಕ್ಯಾಮೆರಾ ಯಂತ್ರವನ್ನು ಹುಡುಕಬೇಕು. ಆದರೆ ಅವುಗಳಲ್ಲಿ ಕೆಲವು ನೆರಳಿನಲ್ಲಿ ಮಾತ್ರ ಸರಿಯಾಗಿ ನಡೆಯುವಂಥವು. ಮಾಳಿಗೆಯ ಬಿಸಿಲು ಅವಕ್ಕೆ ಆಗದು.

ಶಹಾಬಾದಿ ಕಲ್ಲಿನ ಮೇಲೆ ನೇರವಾಗಿ ಚೆಂಡಿಟ್ಟು ಹೊಡೆದರೆ ಮಣಿಕಟ್ಟು ಉಳಿಯದು. ಅದಕ್ಕೆ ದಪ್ಪನೆಯ ಚಾಪೆ ಅಗತ್ಯ. ಚಾಪೆ ಒಂದೆರಡು ಅಂಗುಲ ಎತ್ತರವಿದ್ದರೆ ಯಂತ್ರವನ್ನೂ ಅಷ್ಟೇ ಎತ್ತರಿಸಬೇಕು. ಇಲ್ಲದಿದ್ದರೆ ಏರುವ ಕೋನದ ಅಂಕಿ ತಪ್ಪುತ್ತದೆ. ಯಂತ್ರದ ಮುಖ ಗುರಿಗೆ ನೇರವಾಗಿರುವುದೂ ಅಷ್ಟೇ ಮುಖ್ಯ. ಒಂದೇ ಒಂದು ಡಿಗ್ರಿ ಓರೆಯಾದರೆ 200 ಮೀಟರ್ ದೂರದಲ್ಲಿ ಮೂರೂವರೆ ಮೀಟರಿನ ವ್ಯತ್ಯಾಸ. ಮೂರು ಡಿಗ್ರಿಗೆ ಹತ್ತು ಮೀಟರಿಗಿಂತ ಹೆಚ್ಚು. ನೇರವಾಗಿ ಹೊಡೆದ ಹುಡುಗಿಗೆ ಯಂತ್ರವು ನೀನು ಬಲಕ್ಕೆ ಹೊಡೆದೆ ಎಂದು ಸುಳ್ಳು ಹೇಳಿದರೆ, ಆಕೆ ಇಲ್ಲದ ದೋಷವನ್ನು ತಿದ್ದಲು ಹೋಗಿ ಇದ್ದ ಗುಣವನ್ನು ಕಳೆದುಕೊಳ್ಳುತ್ತಾಳೆ. ಗೌಂಡಿಗಳು ಗೋಡೆಗೆ ಹಿಡಿಯುವ ದಾರದಿಂದ ಮಾಳಿಗೆಯ ಮೇಲೆ ಒಂದು ಗೆರೆ ಹಾಕಿಕೊಂಡರೆ ಈ ಸಂಕಟ ತಪ್ಪುತ್ತದೆ.

ಬಲೆಯ ವಿಷಯದಲ್ಲಿ ಉಳಿತಾಯ ಕೂಡದು. ಸುಮಾರು 46 ಗ್ರಾಂ ತೂಕದ ಗಟ್ಟಿ ಚೆಂಡು ಗಂಟೆಗೆ 200 ಕಿ.ಮೀ. ವೇಗದಲ್ಲಿ ಹೋಗಿ ನೆರೆಮನೆಯ ಅಂಗಳದಲ್ಲಿ ಬಿದ್ದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. ಗಾಲ್ಫಿಗೆಂದೇ ಹೆಣೆದ ಬಲೆಯನ್ನು ಸಡಿಲವಾಗಿ ಇಳಿಬಿಟ್ಟು, ಎರಡು ಪಕ್ಕಗಳಿಗೂ ಮೇಲಕ್ಕೂ ಮರೆ ಕಟ್ಟತಕ್ಕದ್ದು.

ಬೆಲೆಯ ಮೂರು ಮೆಟ್ಟಿಲುಗಳು

ಡೆನ್ಮಾರ್ಕಿನಲ್ಲಿ 2003ರಲ್ಲಿ ಸ್ಥಾಪಿತವಾದ ಟ್ರ್ಯಾಕ್‌ಮನ್ ಸಂಸ್ಥೆಯ ಯಂತ್ರಗಳನ್ನು ವೃತ್ತಿಪರ ಆಟಗಾರರು ಬಳಸುತ್ತಾರೆ. ಅವುಗಳ ಬೆಲೆ 20,000 ಡಾಲರಿಗೂ ಮೇಲೆ. ಸಂಸಾರವಂತರು ಅತ್ತ ನೋಡದಿರುವುದೇ ಕ್ಷೇಮ. ಕೈಗೆಟುಕುವ ಯಂತ್ರಗಳು ಮೂರು ಮೆಟ್ಟಿಲುಗಳಲ್ಲಿ ನಿಂತಿವೆ.

ಮೊದಲ ಮೆಟ್ಟಿಲಿನಲ್ಲಿ ಜಪಾನಿನ ಪಿಆರ್‌ಜಿಆರ್ ಯಂತ್ರದಂಥವು. ಅಮೆರಿಕದ ಬೆಲೆ ಇನ್ನೂರು ಚಿಲ್ಲರೆ ಡಾಲರ್. ಕೋಲಿನ ವೇಗ, ಚೆಂಡಿನ ವೇಗ, ಅಂದಾಜು ದೂರ ಇಷ್ಟನ್ನು ತನ್ನ ಮುಖದ ಮೇಲೆಯೇ ತೋರಿಸುತ್ತದೆ. ಮೊಬೈಲ್ ಬೇಡ, ವರ್ಷದ ಚಂದಾ ಬೇಡ. ಏರುವ ಕೋನವನ್ನು ಅದು ಹೇಳದು.

ಎರಡನೆಯ ಮೆಟ್ಟಿಲಿನಲ್ಲಿ 2021ರಲ್ಲಿ 600 ಡಾಲರಿಗೆ ಬಂದ ಗಾರ್ಮಿನ್ ಅಪ್ರೋಚ್ ಆರ್10, ಮತ್ತು ರೇಡಾರಿನ ಜೊತೆಗೆ ಕ್ಯಾಮೆರಾಗಳನ್ನೂ ಕೂಡಿಸಿಕೊಂಡು 2023ರಲ್ಲಿ 700 ಡಾಲರಿಗೆ ಬಂದ ರಾಪ್ಸೊಡೊ ಎಂಎಲ್‌ಎಂ2ಪ್ರೊ. ಕೋನ, ದಿಕ್ಕುಗಳೆಲ್ಲ ಇಲ್ಲಿ ದೊರೆಯುತ್ತವೆ. ಆದರೆ ಬಲೆಯ ಎದುರು ಸುತ್ತಿನ ಅಂಕಿಯನ್ನು ನಂಬಬೇಕಾದರೆ ವಿಶೇಷ ಗುರುತುಗಳುಳ್ಳ ಚೆಂಡುಗಳನ್ನು ಬೇರೆಯಾಗಿ ಕೊಳ್ಳಬೇಕು. ಎಲ್ಲ ಸೌಲಭ್ಯಗಳೂ ಬೇಕೆಂದರೆ ವರ್ಷವರ್ಷವೂ ಚಂದಾ ತೆರಬೇಕು.

ಮೂರನೆಯ ಮೆಟ್ಟಿಲಿನಲ್ಲಿ, ಮೊದಲ ಸ್ಕೈಟ್ರ್ಯಾಕಿನಂತೆ ಚೆಂಡಿನ ಪಕ್ಕದಲ್ಲಿಡುವ ಕ್ಯಾಮೆರಾ ಯಂತ್ರಗಳು. ಅದರ ಬೆಲೆ ಸುಮಾರು 2,000 ಡಾಲರ್ ಇತ್ತು. ಈ ಎಲ್ಲ ಬೆಲೆಗಳ ಮೇಲೆ ಆಮದಿನ ಸುಂಕ, ಸಾಗಣೆಯ ವೆಚ್ಚ, ವ್ಯಾಪಾರಿಯ ಲಾಭ ಸೇರುತ್ತವೆ. ಕೆಟ್ಟರೆ ರಿಪೇರಿಗೆ ಎಲ್ಲಿಗೆ ಕಳುಹಿಸಬೇಕು ಎಂಬುದನ್ನೂ ಕೊಳ್ಳುವ ಮುನ್ನವೇ ಬರಹದಲ್ಲಿ ಕೇಳಿ ಪಡೆಯುವುದು ಒಳ್ಳೆಯದು.

ಯಾವ ಅಂಕಿ ಯಾರಿಗೆ?

ಹೊಸಬರಿಗೆ ಹೆಚ್ಚು ಉಪಕಾರಿಯಾದ ಅಂಕಿ ಅತಿ ಸರಳವಾದದ್ದು. ಚೆಂಡಿನ ವೇಗವನ್ನು ಕೋಲಿನ ತಲೆಯ ವೇಗದಿಂದ ಭಾಗಿಸಿದರೆ ಹೊಡೆತ ಎಷ್ಟು ಶುದ್ಧವಾಗಿತ್ತೆಂದು ತಿಳಿಯುತ್ತದೆ. ಕೋಲಿನ ವೇಗ ಗಂಟೆಗೆ 120 ಕಿ.ಮೀ., ಚೆಂಡಿನದು 174 ಆದರೆ ಭಾಗಲಬ್ಧ 1.45. ಡ್ರೈವರ್ ಎಂಬ ಉದ್ದನೆಯ ಕೋಲಿನಿಂದ ಇದು 1.5ರ ಸಮೀಪಕ್ಕೆ ಬಂದರೆ ಚೆಂಡು ಕೋಲಿನ ನಡುಭಾಗಕ್ಕೆ ಬಡಿದಿದೆ ಎಂದೇ ಅರ್ಥ. 1.3ಕ್ಕೆ ಇಳಿದರೆ ತೋಳಿನ ಬಲ ವ್ಯರ್ಥವಾಯಿತು. ಈ ಲೆಕ್ಕಕ್ಕೆ ಮೊದಲ ಮೆಟ್ಟಿಲಿನ ಯಂತ್ರವೇ ಸಾಕು. ತಪ್ಪು ಕೋಲಿನ ತುದಿಯಲ್ಲೋ ಬುಡದಲ್ಲೋ ಎಂದು ತಿಳಿಯಲು, ಬಿಳಿಹಲಗೆಯ ಮೇಲೆ ಬರೆಯುವ ಮಾರ್ಕರಿನಿಂದ ಚೆಂಡಿಗೊಂದು ಗುರುತು ಹಚ್ಚಿದರೆ ಆಯಿತು. ಆ ಮಸಿ ಕೋಲಿನ ಮುಖದಲ್ಲಿ ಅಂಟಿಕೊಂಡು ತಾನೇ ಸಾಕ್ಷಿ ನುಡಿಯುತ್ತದೆ.

ಹೊಡೆತ ಸ್ಥಿರವಾದವರಿಗೆ, ಪ್ರತಿ ಕೋಲೂ ಎಷ್ಟು ದೂರ ಕಳುಹಿಸುತ್ತದೆ ಎಂಬ ಪಟ್ಟಿ ಬೇಕಾದವರಿಗೆ, ಎರಡನೆಯ ಮೆಟ್ಟಿಲು ಸಲ್ಲುತ್ತದೆ. ಅಲ್ಲಿಯೂ ಒಂದು ಎಚ್ಚರಿಕೆ ಉಂಟು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಯಾದಗಿರಿ 400 ಮೀಟರಿಗಿಂತ ತಗ್ಗು. ಮೇಲಿನ ಗಾಳಿ ತೆಳು. ಅಲ್ಲಿ ಚೆಂಡು ಸ್ವಲ್ಪ ಮುಂದಕ್ಕೇ ಬೀಳುತ್ತದೆ. ಬೇಸಗೆಯ ಕಾದ ಗಾಳಿಯೂ ಹಾಗೆಯೇ. ಯಂತ್ರದಲ್ಲಿ ಎತ್ತರವನ್ನು ನಮೂದಿಸುವ ಅನುಕೂಲವಿದ್ದರೆ ಅದನ್ನು ಬಳಸಬೇಕು. ಒಂದೇ ಹೊಡೆತದ ಅಂಕಿಗೆ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಹತ್ತು ಹೊಡೆತಗಳ ಸರಾಸರಿಯನ್ನು ಪುಸ್ತಕದಲ್ಲಿ ಬರೆದಿಟ್ಟು ತಿಂಗಳಿಗೊಮ್ಮೆ ಹೋಲಿಸಿದರೆ ಯಂತ್ರದ ಸಣ್ಣ ತಪ್ಪುಗಳು ಅಷ್ಟಾಗಿ ಬಾಧಿಸವು.

ಯಂತ್ರ ಕಾಣದ ಗುಣ

ದೂರದ ಅಂಕಿಗೆ ಮರುಳಾಗುವವರು ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೆನೆಯಬೇಕು. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನದಲ್ಲಿ ಬಾಲ್ಯದಲ್ಲೇ ಆಟ ಕಲಿತ ಅವರು 2016ರಲ್ಲಿ ರಿಯೊ ಒಲಿಂಪಿಕ್ಸಿಗೆ ಹೋದಾಗ ವಯಸ್ಸು ಹದಿನೆಂಟು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾದರು. ಪದಕ ತಪ್ಪಿದ್ದು ಒಂದೇ ಹೊಡೆತದಿಂದ. ಅಲ್ಲಿ ಚೆಂಡನ್ನು ದೂರಕ್ಕೆ ಅಟ್ಟುವುದರಲ್ಲಿ ಬಹುಮಂದಿ ಅವರಿಗಿಂತ ಮುಂದಿದ್ದರು. ಅವರನ್ನು ಮೇಲಕ್ಕೆ ತಂದುದು ಕುಳಿಯ ಬಳಿಯಲ್ಲಿ ಚೆಂಡನ್ನು ಮೆಲ್ಲನೆ ಉರುಳಿಸುವ ಕೈಚಳಕ. ಕಡಿಮೆ ಬೆಲೆಯ ರೇಡಾರ್ ಯಂತ್ರಗಳು ಹುಟ್ಟಿದುದು ಮುಖ್ಯವಾಗಿ ಹಾರುವ ಚೆಂಡಿಗಾಗಿ. ಉರುಳುವ ಚೆಂಡಿನ ಕಲೆ ಅವುಗಳ ಕಣ್ಣಿಗೆ ಬೀಳುವುದು ಕಡಿಮೆ. ಆ ಕಲೆಯ ಅಭ್ಯಾಸಕ್ಕೆ ಪಡಸಾಲೆಯ ಜಮಖಾನೆ ಸಾಕು. ಗಾಲ್ಫ್ ಕುಳಿಯ ಅಗಲ 108 ಮಿ.ಮೀ.; ಅಷ್ಟಗಲದ ಕಾಗದದ ಬಿಲ್ಲೆಯನ್ನು ಕತ್ತರಿಸಿ ನೆಲಕ್ಕೆ ಅಂಟಿಸಿ ಅದರ ಮೇಲೆ ಚೆಂಡನ್ನು ಉರುಳಿಸಬಹುದು. ಇದಕ್ಕೆ ಚಂದಾ ಇಲ್ಲ, ಸುಂಕವೂ ಇಲ್ಲ.

ಸುರಪುರದ ಆ ಮನೆಯವರು ಮಾಡಬಹುದಾದ ನಿರ್ಣಯ ಈಗ ಸ್ಪಷ್ಟ. ಎರಡನೆಯ ಮೆಟ್ಟಿಲಿನ ಯಂತ್ರಕ್ಕೆ ತೆಗೆದಿಟ್ಟ ಹಣದಲ್ಲಿ ಮೊದಲು ಒಳ್ಳೆಯ ಬಲೆ, ಒಳ್ಳೆಯ ಚಾಪೆ. ಬಳಿಕ ವೇಗವನ್ನು ತೋರಿಸುವ ಸಣ್ಣ ಯಂತ್ರ. ಉಳಿದದ್ದು ಪ್ರಯಾಣಕ್ಕೆ. ಮೈದಾನದಲ್ಲಿ ಗಾಳಿ ಬೀಸುತ್ತದೆ, ನೆಲ ಇಳಿಜಾರಾಗಿರುತ್ತದೆ, ಎದುರಾಳಿ ನೋಡುತ್ತಿರುತ್ತಾನೆ. ಇವು ಮಾಳಿಗೆಯ ಮೇಲೆ ದೊರೆಯುವ ಪಾಠಗಳಲ್ಲ.

“ಸಣ್ಣದು ತಗೊಳ್ಳೋಣವ್ವಾ. ಉಳಿದ ರೊಕ್ಕದಾಗ ನಾಕು ಸಲ ಹೈದರಾಬಾದಿಗೆ ಹೋಗಿ ಬಂದರಾಯ್ತು.”

“ನೀವೂ ಬರ್ತೀರೇನಪ್ಪಾ?”

“ಬರಲಿಕ್ಕೇ ಬೇಕಲ್ಲಾ. ಬಲಿ ಇಲ್ಲದಿದ್ದರ ಚೆಂಡು ಎಲ್ಲಿಗೆ ಹೋಗ್ತದಂತ ನಾನೂ ನೋಡಬೇಕು.”