ಗಾಡಿ ತೊಳೆಯುವುದೂ ಒಂದು ವಿದ್ಯೆ

‘ಓದದಿದ್ದರೆ ಗಾಡಿ ತೊಳೆಯಬೇಕಾದೀತು’ ಎಂದು ಮಕ್ಕಳನ್ನು ಗದರಿಸುವ ಪಾಲಕರು ನಮ್ಮಲ್ಲಿ ಕಡಿಮೆಯೇನಿಲ್ಲ. ಆದರೆ ಗಾಡಿಯನ್ನು ಸರಿಯಾಗಿ ತೊಳೆಯಲು ಪ್ರೌಢಶಾಲೆಯ ವಿಜ್ಞಾನ ಚೆನ್ನಾಗಿ ತಿಳಿದಿರಬೇಕು ಎಂಬುದು ಎಷ್ಟು ಜನರಿಗೆ ಗೊತ್ತು?

ಮೊದಲು ಬಣ್ಣದ ವಿಚಾರ. ಕಾರಿನ ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ‘ಕ್ಲಿಯರ್ ಕೋಟ್’ ಎಂಬ ಪಾರದರ್ಶಕ ಪದರ ಇರುತ್ತವೆ. ಎಲ್ಲ ಸೇರಿ ದಪ್ಪ ಸುಮಾರು 0.1 ಮಿಲಿಮೀಟರ್, ಅಂದರೆ ನೋಟ್‌ಬುಕ್ಕಿನ ಒಂದು ಹಾಳೆಯಷ್ಟು! ಹೊಳಪು ಕೊಡುವ ಮೇಲಿನ ಪದರ ಅದರಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ.

ಇನ್ನು ದೂಳು. ಬೀದರ್ ನಗರ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ನೆಲದ ಮೇಲೆ. ಭಾಲ್ಕಿ, ಔರಾದ್ ಕಡೆ ಹೊರಟರೆ ಎರೆಭೂಮಿ. ಹೀಗಾಗಿ ಕೆಎ 38, ಕೆಎ 39 ಫಲಕದ ಗಾಡಿಗಳಿಗೆ ಬೇಸಿಗೆಯಲ್ಲಿ ದೂಳು, ಮಳೆಗಾಲದಲ್ಲಿ ರಾಡಿ ತಪ್ಪಿದ್ದಲ್ಲ. ಮುಂಜಾನೆ ಒಣ ಅರಿವೆಯಿಂದ ಕಾರು ಒರೆಸುವುದು ಹಲವರ ರೂಢಿ. ದೂಳಿನಲ್ಲಿರುವ ಸ್ಫಟಿಕದ ಮರಳಿನ ಗಡಸುತನ ಮೋಸ್ ಮಾಪಕದಲ್ಲಿ 7. ಕಿಟಕಿಯ ಗಾಜಿನದು ಸುಮಾರು 5.5. ಗಾಜನ್ನೇ ಗೀರುವ ಕಣ ಬಣ್ಣವನ್ನು ಬಿಟ್ಟೀತೇ? ಅರಿವೆಯೇ ಮರಳು ಕಾಗದವಾಗುತ್ತದೆ. ಬಿಸಿಲಿನಲ್ಲಿ ಕಾಣುವ ಜೇಡರ ಬಲೆಯಂಥ ಗೀರುಗಳು ಕಿಡಿಗೇಡಿಗಳ ಕೆಲಸವಲ್ಲ, ಮಾಲೀಕರ ಅಕ್ಕರೆಯ ಫಲ!

ಆದ್ದರಿಂದ ಮೊದಲು ನೀರು, ಆಮೇಲೆ ಅರಿವೆ. ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ, ನೀರು ಸುರಿದು ದೂಳು ಇಳಿಸಬೇಕು. ಎರಡು ಬಕೆಟ್ ಇರಲಿ: ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಅರಿವೆ ಜಾಲಿಸಲು ಬರೀ ನೀರು. ಮೇಲಿನಿಂದ ಕೆಳಕ್ಕೆ ತೊಳೆಯಬೇಕು. ಬಟ್ಟೆ ಒಗೆಯುವ ಪುಡಿ ಬೇಡ. ಅದರ ಕ್ಷಾರ ರಕ್ಷಣೆಯ ಮೇಣವನ್ನೂ ಕಿತ್ತೊಯ್ಯುತ್ತದೆ. ಕೊಳವೆ ಬಾವಿಯ ಗಡಸು ನೀರು ತಾನಾಗಿ ಒಣಗಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಳಿ ಕಲೆಯಾಗಿ ಉಳಿಯುತ್ತವೆ. ಮೃದುವಾದ ಮೈಕ್ರೊಫೈಬರ್ ಅರಿವೆಯಿಂದ ಕೂಡಲೇ ನೀರನ್ನು ಹೀರಿ ತೆಗೆಯಬೇಕು. ಹಕ್ಕಿಯ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿದೆ. ಅದನ್ನು ನೆನೆಸಿ ಎತ್ತಬೇಕೇ ಹೊರತು ಉಜ್ಜಬಾರದು.

ಗಾಡಿಯ ಒಳಗೆ ಮಾತ್ರ ಕ್ರಮ ತಿರುವುಮುರುವು. ಕಾಲಿಗಂಟಿ ಬಂದ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಹಸಿಯಿದ್ದಾಗ ತಿಕ್ಕಿದರೆ ಅದು ಕಾರ್ಪೆಟ್ಟಿನ ನೂಲಿನೊಳಗೆ ಇಳಿಯುತ್ತದೆ. ಒಣಗಲು ಬಿಟ್ಟು, ಕೊಡವಿ, ಬಳಿಕ ವ್ಯಾಕ್ಯೂಮ್ ಹಿಡಿಯುವುದೇ ಜಾಣತನ.

ನೀರಿನ ಲೆಕ್ಕವನ್ನೂ ಹಾಕಿ ನೋಡಿ. ನಿಮಿಷಕ್ಕೆ 12 ಲೀಟರ್ ಸುರಿಯುವ ಪೈಪು 10 ನಿಮಿಷದಲ್ಲಿ 120 ಲೀಟರ್ ಚೆಲ್ಲುತ್ತದೆ. 20 ಲೀಟರಿನ ಮೂರು ಬಕೆಟ್ಟಿಗೆ ಅದರ ಅರ್ಧ ಸಾಕು. 2016ರ ಬರದಲ್ಲಿ ನೆರೆಯ ಲಾತೂರಿಗೆ ರೈಲಿನಲ್ಲಿ ನೀರು ತರಬೇಕಾಯಿತೆಂಬುದನ್ನು ಈ ಭಾಗದವರು ಮರೆಯಬಾರದು.

ಮೇಲ್ಮೈಯನ್ನು ಕಾಪಾಡುವ ವಿದ್ಯೆ ಬೀದರಿಗೆ ಹೊಸದಲ್ಲ. ಸತು, ತಾಮ್ರ ಬೆರೆಸಿದ ಬಿದರಿ ಪಾತ್ರೆಗೆ ಕೋಟೆಯ ಮಣ್ಣಿನಿಂದ ಕಪ್ಪು ಬರಿಸಿದ ಮೇಲೆ ಕುಶಲಕರ್ಮಿಗಳು ಕೊನೆಗೆ ಎಣ್ಣೆ ಸವರಿ ಉಜ್ಜುತ್ತಾರೆ. ಕಾರಿಗೆ ವ್ಯಾಕ್ಸ್ ಹಚ್ಚುವುದೂ ಅಂಥದೇ ಆರೈಕೆ. ಕೆಲವು ವಾರಗಳ ಬಳಿಕ ಮತ್ತೆ ಹಚ್ಚಬೇಕು. ಸೆರಾಮಿಕ್ ಕೋಟಿಂಗ್ ಹೆಚ್ಚು ಕಾಲ ಬಾಳುತ್ತದೆ. ಆದರೆ ಅದು ಕವಚವಲ್ಲ, ಕಲ್ಲು ಸಿಡಿದರೆ ಬಣ್ಣ ಏಳುವುದು ಏಳುತ್ತದೆ.

ಈ ಕೆಲಸದಲ್ಲಿ ಒಲವಿರುವ ವಿದ್ಯಾರ್ಥಿಗಳಿಗೆ ಐಟಿಐ ತರಬೇತಿಯಲ್ಲಿ ‘ಮೆಕ್ಯಾನಿಕ್ ಆಟೊ ಬಾಡಿ ಪೇಂಟಿಂಗ್’ ಎಂಬ ಒಂದು ವರ್ಷದ ವೃತ್ತಿ ಉಂಟು. ಎಲ್ಲ ಐಟಿಐಗಳಲ್ಲಿ ಇದು ಇರುವುದಿಲ್ಲ, ಸೇರುವ ಮುನ್ನ ವಿಚಾರಿಸಬೇಕು. ಬರೀ ತೊಳೆಯುವವನಿಗೆ ದಿನಗೂಲಿ ಸಿಗಬಹುದು. ಯಾವ ಕಲೆಗೆ ಏನು, ಏಕೆ ಎಂದು ಬಲ್ಲವನನ್ನು ಗಿರಾಕಿ ಹುಡುಕಿಕೊಂಡು ಬರುತ್ತಾನೆ. ಪಾಲಕರು ಮಗನ ಕೈಯಲ್ಲಿನ ಬಕೆಟ್ ಕಂಡು ನಾಚುವ ಬದಲು, ಅವನಿಗೆ ಆ ‘ಏಕೆ’ ಗೊತ್ತಿದೆಯೇ ಎಂದು ಕೇಳಲಿ.