ಸಾಕ್ಷ್ಯ ಕಾಯುವ ನರ್ಸ್
ಪಿಯುಸಿ ವಿಜ್ಞಾನ ಮುಗಿಸಿದ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ, ಕಳಸದ ಮಕ್ಕಳಿಗೆ ನಾನು ಒತ್ತಿ ಹೇಳುವ ವೃತ್ತಿಯೊಂದಿದೆ: ಫೊರೆನ್ಸಿಕ್ ನರ್ಸಿಂಗ್. ತೋಟ ಕಾರ್ಮಿಕರ ಲೈನ್ ಮನೆಯಿಂದ ದೌರ್ಜನ್ಯಕ್ಕೊಳಗಾದ ಹುಡುಗಿಯೊಬ್ಬಳು ಆಸ್ಪತ್ರೆಗೆ ಬಂದರೆ, ಗಾಯಕ್ಕೆ ಔಷಧಿ ಹಚ್ಚುವ ಕೈಯೇ ಸಾಕ್ಷ್ಯವನ್ನೂ ಕಾಯಬೇಕು. ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ಬೂಷ್ಟು ಹಿಡಿದು ಡಿಎನ್‌ಎ ಹಾಳಾಗುತ್ತದೆ. ನೆರಳಲ್ಲಿ ಒಣಗಿಸಿ, ಕಾಗದದ ಲಕೋಟೆಯಲ್ಲಿಟ್ಟು, ಮೊಹರು ಹಾಕಿ, ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಬರೆದಿಡಬೇಕು. ನಮ್ಮ ಆಷಾಢದ ಮಳೆಯಲ್ಲಿ ಅದು ಸಣ್ಣ ಕೆಲಸವಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಅತ್ಯಾಚಾರ ಸಂತ್ರಸ್ತೆಯ ತಪಾಸಣಾ ವರದಿಯನ್ನು ವೈದ್ಯರು 7 ದಿನದೊಳಗೆ ತನಿಖಾಧಿಕಾರಿಗೆ ಕಳಿಸಬೇಕು. ಸಹಿ ವೈದ್ಯರದ್ದು, ನಿಜ. ಆದರೆ ತಪಾಸಣೆಯ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತು, ಅಸ್ಸಾಮಿನಿಂದ ತೋಟಕ್ಕೆ ದುಡಿಯಲು ಬಂದ ಆಕೆಯ ತಾಯಿಗೂ ಅರ್ಥವಾಗುವಂತೆ ಎಲ್ಲವನ್ನೂ ವಿವರಿಸುವವರು ಯಾರು? ಭಾರತೀಯ ನರ್ಸಿಂಗ್ ಪರಿಷತ್ತಿನ ಪರಿಷ್ಕೃತ ಬಿ.ಎಸ್ಸಿ. ಪಠ್ಯದ 5ನೇ ಸೆಮಿಸ್ಟರ್‌ನಲ್ಲಿ ಫೊರೆನ್ಸಿಕ್ ನರ್ಸಿಂಗ್ ಸೇರಿದೆ, ಆದರೆ ಬರೀ ಪರಿಚಯವಾಗಿ. ಚಿಕ್ಕಮಗಳೂರಿಗೆ ವೈದ್ಯಕೀಯ ಕಾಲೇಜು ಬಂತು. ಆದರೆ ಕಳಸದಿಂದ ಅಲ್ಲಿಗೆ ಸುಮಾರು 90 ಕಿ.ಮೀ. ತಿರುವು ದಾರಿ. ಹಾಗಾಗಿ ಫೊರೆನ್ಸಿಕ್ ತರಬೇತಿ ಪಡೆದ ಒಬ್ಬ ನರ್ಸ್ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಇರಬೇಕು, ಸರ್ಕಾರ ಹುದ್ದೆ ಸೃಷ್ಟಿಸಬೇಕು.